ಹಗುರ ಬೆರಳು

ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ಬಂದೆನೋ ಇಲ್ಲವೋ ಎಂಬ ಯೋಚನೆಯಲ್ಲೇ ಅವಳು ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಮುದುಕ ರಿಪೇರಿಯವನು ಕ್ಲಾರಿನೆಟ್ಟಿನ ಕೆಳಭಾಗವನ್ನು ತೊಡೆಯ ಮೇಲಿನ ಬಟ್ಟೆಯಲ್ಲಿ ಮಲಗಿಸಿಕೊಂಡು, ಸಿಗರೇಟು ಸುತ್ತುವ ತೆಳು ಕಾಗದದ ಒಂದು ಪಟ್ಟಿಯನ್ನು ಮೆತ್ತನೆಯ ಒಂದು ಪ್ಯಾಡಿನ ಕೆಳಗೆ ತೂರಿಸಿದ. ಬಲಗೈಯ ಬೆರಳುಗಳು ಕೂರುವ ಮೂರು ಉಂಗುರಗಳಲ್ಲಿ ಯಾವುದನ್ನು ಒತ್ತಿದರೂ ಆ ಪ್ಯಾಡು ಇಳಿದು ತನ್ನ ರಂಧ್ರವನ್ನು ಮುಚ್ಚಬೇಕು. ಸರಿಯಾಗಿ ಮುಚ್ಚಿದ್ದರೆ ಕಾಗದ ಅಲ್ಲೇ ಸಿಕ್ಕಿಕೊಳ್ಳಬೇಕು. ಅವನು ಉಂಗುರ ಒತ್ತಿ ಹಿಡಿದು ಕಾಗದ ಎಳೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಇನ್ನೊಮ್ಮೆ, ಮತ್ತೂ ಗಟ್ಟಿಯಾಗಿ ಒತ್ತಿ ಎಳೆದ. ಆಗ ಸ್ವಲ್ಪ ತಡೆದು ಬಂತು. ಹೊಸ ವಿದ್ಯಾರ್ಥಿಗೆ ಕೊಡುವ ಮೊದಲು ಒಮ್ಮೆ ಒರೆಸಿ ಎಣ್ಣೆ ಹಾಕಿಸಿದರೆ ಸಾಕು ಅಂದುಕೊಂಡು ಬಂದಿದ್ದ ಅವಳಿಗೆ, ಅವನು ಇಷ್ಟು ಹೊತ್ತು ಒಂದೇ ಪ್ಯಾಡನ್ನು ಹಿಡಿದುಕೊಂಡು ಕೂತದ್ದು ಏಕೆಂದು ಅರ್ಥವಾಗಲಿಲ್ಲ. ಅವನು ಚಿಮಟದಿಂದ ಪ್ಯಾಡನ್ನು ಬಿಡಿಸಿ ತೆಗೆದು, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, ರಂಧ್ರದ ಅಂಚನ್ನು ನೋಡಲು ಹೇಳಿದ. ಕಪ್ಪು ಮರದ ಆ ದುಂಡನೆ ಅಂಚಿನಲ್ಲಿ ಒಂದು ಕಡೆ ಮಗುವಿನ ಉಗುರು ಕತ್ತರಿಸಿ ಬಿದ್ದ ಚೂರಿನಷ್ಟು ಮರ ಎದ್ದುಹೋಗಿತ್ತು.

"ಯಾರೋ ಪುಣ್ಯಾತ್ಮ ಹಳೇ ಪ್ಯಾಡನ್ನ ಚಾಕು ಹಾಕಿ ಎಬ್ಬಿಸಿದ್ದಾನಮ್ಮ. ಇವತ್ತು ನಿನ್ನೆಯದಲ್ಲ ಇದು. ಮುರಿದ ಜಾಗ ಕೂಡ ಹಳೇದಾಗಿ ಕಪ್ಪಾಗಿಬಿಟ್ಟಿದೆ ನೋಡಿ."

ಅವಳು ನೋಡಿದಳು. ಅಡುಗೆಮನೆಯ ಮೇಜು, ಅದರ ಮೇಲೆ ಹಾಸಿದ ಹಳೇ ಟವಲು, ತರಕಾರಿ ಹೆಚ್ಚುವ ಸಣ್ಣ ಚಾಕು, ಮೇಣದಬತ್ತಿಯ ಉರಿಯಲ್ಲಿ ಕರಗುತ್ತಿದ್ದ ಅಂಟಿನ ವಾಸನೆ, ಎಲ್ಲ ಆ ಭೂತಗನ್ನಡಿಯೊಳಗೇ ಇದ್ದ ಹಾಗೆ ದೊಡ್ಡದಾಗಿ ಕಂಡವು. ಮಗಳಿಗೆ ಆಗ ಹತ್ತು ವರ್ಷ. ತಾನು ಹುಡುಗಿಯಾಗಿದ್ದಾಗ ನುಡಿಸುತ್ತಿದ್ದ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆದು, ಒಣಗಿ ಗಟ್ಟಿಯಾಗಿದ್ದ ಪ್ಯಾಡುಗಳನ್ನು ತಾನೇ ಬದಲಾಯಿಸಿ, ಎದುರಿಗೆ ಕೂತು ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದ ಮಗಳಿಗೆ, ನೋಡು, ಅಮ್ಮನಿಗೆ ಇದೂ ಬರುತ್ತೆ, ಎಂದು ಹೇಳಿದ್ದಳು. ಒಂದು ಪ್ಯಾಡು ಮಾತ್ರ ಹಟ ಹಿಡಿದು ಕೂತಿತ್ತು. ಚಾಕುವಿನ ತುದಿ ಹಾಕಿ ಮೀಟಿದಾಗ ಸಣ್ಣಗೆ ಟಿಕ್ ಎಂದಿತ್ತು. ಆ ಶಬ್ದ ಅವಳಿಗೆ ಈಗ ಇಷ್ಟು ಸ್ಪಷ್ಟವಾಗಿ ಕೇಳಿಸಬೇಕಾದರೆ ಆಗಲೂ ಕೇಳಿಸಿಯೇ ಇರಬೇಕು. ಹೌದಾ, ಎಂದಳು ಅವಳು, ಭೂತಗನ್ನಡಿ ಹಿಂದಿರುಗಿಸುತ್ತ. ಮುದುಕ ತಲೆ ಅಲ್ಲಾಡಿಸಿ, ಇಂಥವರ ಕೈಗೆ ಚಾಕು ಕೊಟ್ಟವರನ್ನು ಅನ್ನಬೇಕು ಎಂದ. ಕೆಲವರಿಗೆ ಬುದ್ಧಿಯೇ ಇರುವುದಿಲ್ಲ ಎಂದು ಅವಳೂ ಸೇರಿಸಿದಳು. ಹೇಳಿ ಮುಗಿಸಿದ ಮೇಲೆ, ಯಾರೂ ಬಲವಂತ ಮಾಡದೆ ಬಾಯಿಂದ ತಾನಾಗಿ ಬಂದ ಆ ಮಾತಿಗೆ ಅವಳ ಕಿವಿ ಬಿಸಿಯಾಯಿತು.

ಮರದ ಪುಡಿ, ಅಂಟು ಕಲಸಿ ಅಂಚು ಕಟ್ಟಿ ಉಜ್ಜಿ ಹೊಸ ಪ್ಯಾಡು ಕೂರಿಸಲು ಎರಡು ಗಂಟೆ ಬೇಕು ಎಂದ ಮುದುಕ. ಕಾಯುತ್ತೇನೆ ಎಂದಳು. ಅಂಗಡಿಯ ಗೋಡೆಯ ತುಂಬ ಕೊಳವೆಗಳು, ತುತ್ತೂರಿಯ ಬಾಯಿಗಳು, ತಂತಿಯಿಲ್ಲದ ಪಿಟೀಲು. ಎಲ್ಲ ಬಾಯಿ ತೆರೆದುಕೊಂಡು ಏನೂ ಹೇಳದೆ ನೇತಾಡುತ್ತಿದ್ದವು. ಹೋದ ವಾರ, ಅವಳ ಹತ್ತಿರ ಪಾಠಕ್ಕೆ ಬರುತ್ತಿದ್ದ ದರ್ಜಿಯ ಮಗಳು ಈ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟು, ಬೇರೆ ಯಾರಿಗಾದರೂ ಕೊಡಿ ಮಿಸ್, ನನಗೆ ಕೈಯಿಲ್ಲ, ಎಂದಿದ್ದಳು. ಹದಿಮೂರು ವರ್ಷದ ಹುಡುಗಿಯ ಮಾತಲ್ಲ ಅದು. ದೊಡ್ಡವರು ಯಾರೋ ಆಡಿದ್ದನ್ನು ಎಲ್ಲಿಂದಲೋ ಎತ್ತಿಕೊಂಡು ಬಂದ ಹಾಗಿತ್ತು. ಅದಕ್ಕೆ ತಾನೇನು ಹೇಳಿದ್ದಳು? ಕಲಿಯುವುದೆಂದರೆ ಕಾಯುವುದು ಎಂದೇನೋ ಹೇಳಿದ್ದಳು. ಎರಡೂವರೆ ವರ್ಷದಿಂದ ಅದನ್ನೇ ಹೇಳುತ್ತಿದ್ದಳು. ಅವಳ ಪಾಠಕ್ಕೆ ಬರುವ ಮಕ್ಕಳು ಮೊದಲ ಮೂರು ತಿಂಗಳು ವಾದ್ಯ ಮುಟ್ಟುವುದಿಲ್ಲ. ಗೋಡೆಗೆ ಹಿಡಿದ ಕಾಗದದ ಚೂರು ಬೀಳದಂತೆ ಉಸಿರಿನಿಂದಲೇ ಒತ್ತಿ ನಿಲ್ಲಿಸುವುದನ್ನು ಕಲಿಯುತ್ತಾರೆ. ಆಮೇಲೆ ಒಂದೊಂದೇ ಸ್ವರವನ್ನು ಉದ್ದಕ್ಕೆ ಹಿಡಿಯುತ್ತಾರೆ. ಬೆರಳು ಹಗುರ, ಬೆರಳು ಹಗುರ, ಮುಚ್ಚಬೇಕು, ಹಿಸುಕಬಾರದು ಎಂದು ಅವಳು ಹಿಂದಿನಿಂದ ಹೇಳುತ್ತಿರುತ್ತಾಳೆ. ಬೆರಳು ಹಗುರವಾಗಿದ್ದು ಉಸಿರು ತುಂಬಿದ್ದರೆ ಸ್ವರ ತಾನಾಗಿ ಬರುತ್ತದೆ; ಬಾರದಿದ್ದರೆ ತಪ್ಪನ್ನು ನಮ್ಮೊಳಗೆ ಹುಡುಕಬೇಕು, ವಾದ್ಯದ ಮೇಲೆ ಹಾಕಬಾರದು. ಇನ್ನೊಂದು ನಿಯಮ ಅವಳಿಗೆ ಅವಳೇ ಹಾಕಿಕೊಂಡದ್ದು: ಏನೇ ಆದರೂ ಮಗುವಿನ ಕೈಯಿಂದ ವಾದ್ಯವನ್ನು ಕಸಿದುಕೊಂಡು ತಾನು ನುಡಿಸಿ ತೋರಿಸಬಾರದು.

ಅವಳಿಗೆ ಕಲಿಸಿದ ಬ್ಯಾಂಡಿನ ಮಾಸ್ತರರು ಕಸಿಯುತ್ತಿದ್ದರು. ಅವಳಿಗೆ ಆಗ ಹನ್ನೊಂದು. ನುಡಿಸುತ್ತಿದ್ದ ಹಾಗೆಯೇ ಬಾಯಿಂದ ಕ್ಲಾರಿನೆಟ್ಟನ್ನು ಎಳೆದುಕೊಳ್ಳುತ್ತಿದ್ದರು, ಕೆಲವೊಮ್ಮೆ ಮೌತ್‌ಪೀಸು ಹಲ್ಲಿಗೆ ತಾಗಿ ತುಟಿಯ ಒಳಗೆ ರಕ್ತದ ರುಚಿ ಬರುತ್ತಿತ್ತು. ಅವರು ತಮ್ಮ ದಪ್ಪ ಮೀಸೆಯ ಕೆಳಗೆ ಅದನ್ನಿಟ್ಟುಕೊಂಡು ಅದೇ ಸಾಲನ್ನು ನುಡಿಸಿ, ಇದರದ್ದೇನೂ ತಪ್ಪಿಲ್ಲ, ತಪ್ಪೆಲ್ಲ ಇದನ್ನು ಹಿಡಿದವರದ್ದು, ಎಂದು ಒದ್ದೆಯಾದ ಅದನ್ನು ಹಿಂದಕ್ಕೆ ಕೊಡುತ್ತಿದ್ದರು. ಒಂದು ದಿನ ಅವಳು ಲಂಗದ ಅಂಚಿನಿಂದ ಅದನ್ನು ಒರೆಸಿದಳು. ನನ್ನ ಎಂಜಲು ನಿನಗೆ ಹೇಸಿಗೆಯೇ ಎಂದು ಇಡೀ ಬ್ಯಾಂಡಿನ ಮುಂದೆ ಕೇಳಿದರು. ಎಲ್ಲರೂ ನಕ್ಕರು. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಅವಳು ಅಂದುಕೊಂಡಳು, ನಾನು ಯಾವತ್ತಾದರೂ ಕಲಿಸಿದರೆ ಮಗುವಿನ ಬಾಯಿಂದ ತುತ್ತು ಕಿತ್ತ ಹಾಗೆ ಹೀಗೆ ಕಿತ್ತುಕೊಳ್ಳುವುದಿಲ್ಲ. ಕಿತ್ತುಕೊಳ್ಳಲಿಲ್ಲ. ಮೂವತ್ತು ವರ್ಷ ಅದನ್ನು ವ್ರತದಂತೆ ಪಾಲಿಸಿದಳು. ತಾಯಂದಿರು ಬಂದು ನಿಮ್ಮಷ್ಟು ತಾಳ್ಮೆ ನಮಗಿಲ್ಲ ಎಂದಾಗ ಒಳಗೊಳಗೇ ಹಿಗ್ಗಿದಳು. ಈಗ ಈ ಸ್ಟೂಲಿನ ಮೇಲೆ ಕೂತು, ಮುದುಕ ಸಣ್ಣ ಅರದಿಂದ ಕರಕರ ಉಜ್ಜುವುದನ್ನು ಕೇಳುತ್ತಿರುವಾಗ, ಒಂದು ಸರಳವಾದ ಲೆಕ್ಕ ಅವಳ ಮುಂದೆ ಬಂದು ನಿಂತಿತು. ಆ ಒರಟ ಮಾಸ್ತರರು ಇದ್ದಿದ್ದರೆ ಮೊದಲ ದಿನವೇ ವಾದ್ಯವನ್ನು ಕಸಿದುಕೊಂಡು ಊದಿ, ಥೂ, ಇದು ಸೋರುತ್ತಿದೆ, ತಗೊಂಡು ಹೋಗಿ ರಿಪೇರಿ ಮಾಡಿಸು, ಎಂದು ಬೈದು ಕಳಿಸುತ್ತಿದ್ದರು. ಒಂದು ನಿಮಿಷದ ಕೆಲಸ. ಅವಳ ಮೃದುತ್ವಕ್ಕೆ ಅದನ್ನು ಕಂಡುಹಿಡಿಯಲು ಹದಿನೇಳು ವರ್ಷ ಬೇಕಾಯಿತು, ಅದೂ ಬೇರೆಯವನ ಕೈಯಿಂದ.

ಹಗುರವಾಗಿಟ್ಟರೆ ಸೋರುತ್ತದೆ, ಸ್ವರ ಒಡೆಯುತ್ತದೆ. ಹಿಸುಕಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ, ಸ್ವರ ಬರುತ್ತದೆ, ಆದರೆ ಹಿಂದೆ ನಿಂತವಳು, ಯಾಕೆ ಹಿಸುಕುತ್ತೀ, ಅದೇನು ಒದ್ದೆ ಬಟ್ಟೆಯಾ, ಎನ್ನುತ್ತಾಳೆ. ದರ್ಜಿಯ ಮಗಳ ಬೆರಳ ತುದಿಗಳಲ್ಲಿ ಉಂಗುರದ ದುಂಡು ಗುರುತು ಎಷ್ಟು ಆಳವಾಗಿ ಕೂತಿರುತ್ತಿತ್ತೆಂದರೆ, ಪಾಠ ಮುಗಿದು ಹಾಳೆ ಮಡಿಸುವಾಗಲೂ ಅಳಿಸಿರುತ್ತಿರಲಿಲ್ಲ. ಅದನ್ನು ನೋಡಿ ಅವಳು, ನಿನ್ನ ಕೈಯೇ ನಿನ್ನ ವಿರುದ್ಧ ಸಾಕ್ಷಿ ಹೇಳುತ್ತಿದೆ ನೋಡು, ಎಂದು ನಕ್ಕಿದ್ದೂ ಉಂಟು. ಮುದುಕ ಕೆಲಸ ಮುಗಿಸಿ ಐದೂ ತುಂಡು ಜೋಡಿಸಿ, ಊದಿ ನೋಡಿ ಎಂದು ಮುಂದೆ ಚಾಚಿದ. ಅವಳು ಅಭ್ಯಾಸಬಲದಿಂದ, ಬೇಡ, ಇದು ಮಕ್ಕಳದು ಎಂದಳು. ಊದದೆ ಹೇಗೆ ಗೊತ್ತಾಗುತ್ತಮ್ಮ, ಎಂದ ಅವನು, ಬೇಸರವಿಲ್ಲದೆ, ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ. ಅವಳು ತೆಗೆದುಕೊಂಡಳು. ಮೌತ್‌ಪೀಸಿನ ತೆಳು ರೀಡನ್ನು ನಾಲಿಗೆಯಲ್ಲಿ ನೆನೆಸಿ, ಬೆರಳುಗಳನ್ನು ನೊಣ ಕೂತಷ್ಟು ಹಗುರವಾಗಿಟ್ಟು ಊದಿದಳು. ಕೆಳಗಿನ ಸ್ವರ ಬಂತು. ತುಂಬಿದ ಬಿಂದಿಗೆಯನ್ನು ಬಗ್ಗಿಸಿದ ಹಾಗೆ, ಯಾರೂ ಕೇಳಿಕೊಳ್ಳದೆ, ಅಂಗಡಿಯ ತುಂಬ ಬಂತು. ಅವಳು ಹೇಳಿಕೊಟ್ಟದ್ದೆಲ್ಲ ನಿಜವಾಗಿತ್ತು. ಅದನ್ನು ನಂಬಿದವರಿಗೆ ಮಾತ್ರ ಸುಳ್ಳಾಗಿತ್ತು.

ಹೊರಗೆ ಬಂದಾಗ ಬಿಸಿಲು ಬಿಳಿಚಿಕೊಂಡಿತ್ತು. ಬಸ್ಸಿಗೆ ಕಾಯದೆ ನಡೆದಳು. ಪೆಟ್ಟಿಗೆ ಕೈಯಿಂದ ಕೈಗೆ ಬದಲಾಗುತ್ತಿತ್ತು. ಯಾರಿಗೂ ಹೇಳಬೇಕಾಗಿಲ್ಲ ಎಂಬುದು ಮೊದಲ ಸಿಗ್ನಲ್ಲಿನ ಹತ್ತಿರ ಅವಳಿಗೆ ಹೊಳೆಯಿತು. ಮುದುಕನಿಗೆ ಚಾಕು ಯಾರದೆಂದು ಗೊತ್ತಿಲ್ಲ. ಮಗಳು ಕ್ಲಾರಿನೆಟ್ಟಿನ ಹೆಸರೆತ್ತಿ ಎಷ್ಟೋ ಕಾಲವಾಯಿತು. ಎರಡನೇ ಸಿಗ್ನಲ್ಲಿನ ಹತ್ತಿರ ಇದಕ್ಕಿಂತ ಚೆನ್ನಾದ ಇನ್ನೊಂದು ಯೋಚನೆ ಬಂತು. ದರ್ಜಿಯ ಅಂಗಡಿಗೆ ಹೋಗಿ, ಕೊನೆಯದಾಗಿ ಒಂದೇ ಒಂದು ಸಲ ಊದು ಮಗಳೇ ಎಂದರೆ ಸಾಕು. ಸ್ವರ ಬರುತ್ತದೆ. ಹುಡುಗಿಯ ಮುಖ ಅರಳುತ್ತದೆ. ಎರಡೂವರೆ ವರ್ಷದ ತಾಳ್ಮೆ ಫಲ ಕೊಟ್ಟಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಹುಡುಗಿ ಕೂಡ. ಅದರಿಂದ ಯಾರಿಗೆ ನಷ್ಟ? ಮಗು ಖುಷಿಯಾಗಿರುವುದು ಮುಖ್ಯವೋ, ಒಂದು ಪ್ಯಾಡಿನ ಚರಿತ್ರೆ ಮುಖ್ಯವೋ? ವಾದ ಎಷ್ಟು ಸಲೀಸಾಗಿತ್ತೆಂದರೆ ಅದರ ಮೇಲೆ ಅವಳಿಗೇ ಅನುಮಾನ ಬಂತು. ಹೆಜ್ಜೆ ಮಾತ್ರ ದರ್ಜಿಯ ಬೀದಿಗೆ ತಿರುಗದೆ ಮುಂದಕ್ಕೆ ಹೋಗಿ, ಮಗಳು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನ ಮೆಟ್ಟಿಲ ಮುಂದೆ ನಿಂತಿತು. ಊಟದ ಹೊತ್ತು. ಮಗಳು ಒಳಗಿನ ಸಣ್ಣ ಕೋಣೆಯಲ್ಲಿ, ಖಾಲಿ ಡಬ್ಬಿಗಳ ರಾಶಿಯ ಪಕ್ಕ ನಿಂತುಕೊಂಡೇ ಉಣ್ಣುತ್ತಿದ್ದಳು. ತಾಯಿಯನ್ನು ಕಂಡವಳೇ ಹಣೆ ಮುಟ್ಟಿ ನೋಡಿ, ಹುಷಾರಿಲ್ಲವಾ ಎಂದು ಕೇಳಿದಳು. ಇಲ್ಲೇ ಈ ಕಡೆ ಬಂದಿದ್ದೆ ಎಂದು ಅವಳು ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟಳು. ಮಗಳು ಅದನ್ನು ನೋಡಿ ಅಗಿಯುವುದನ್ನು ನಿಲ್ಲಿಸಿದಳು.

ಅವಳು ಹೇಳಿದಳು. ಯಾಕೆ ಹೇಳುತ್ತಿದ್ದೇನೆಂದು ತಿಳಿಯದೆಯೇ ಅಂಚು ಮುರಿದದ್ದು, ಚಾಕು ಹಾಕಿದ್ದು, ಟಿಕ್ ಎಂದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮಗಳು ಹದಿನಾಲ್ಕನೇ ವಯಸ್ಸಿನಲ್ಲಿ ಕ್ಲಾರಿನೆಟ್ಟನ್ನು ಮಂಚದ ಕೆಳಗೆ ತಳ್ಳಿದ ದಿನ ತಾನು ಅವಳನ್ನು ಸೋಮಾರಿ ಎಂದದ್ದನ್ನು ಮಾತ್ರ ಹೇಳಲಾಗಲಿಲ್ಲ. ಮಗಳು ಡಬ್ಬಿಯ ಮುಚ್ಚಳ ಹಾಕಿ, ನಲ್ಲಿಯಲ್ಲಿ ಕೈ ತೊಳೆದು, ಒಂದೊಂದೇ ಬೆರಳನ್ನು ಒರೆಸಿಕೊಂಡಳು.

"ನನಗೆ ಗೊತ್ತಿತ್ತಮ್ಮ. ಸ್ಕೂಲಿನಲ್ಲಿ ಒಂದು ಹಳೇದಿತ್ತಲ್ಲ, ಅದರಲ್ಲಿ ಬರ್ತಿತ್ತು. ಇದರಲ್ಲಿ ಬರ್ತಿರಲಿಲ್ಲ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ವಾದ್ಯದ ಮೇಲೆ ತಪ್ಪು ಹೊರಿಸೋರು ನನ್ನ ಮನೇಲಿ ಬೇಡ ಅಂತ ನೀನೇ ಅಂದೆ. ಇನ್ನೊಂದು ಸಲ ಹೇಳೋಕೆ ಮನಸ್ಸಾಗಲಿಲ್ಲ. ಹಗುರ ಇಟ್ರೆ ಸ್ವರ ಬರಲ್ಲ, ಒತ್ತಿದ್ರೆ ನೀನು ಬಿಡಲ್ಲ. ಬಿಟ್ಟಿದ್ದೇ ಒಳ್ಳೇದಾಯ್ತು, ಬಿಡು."

ಆ ಬಿಡು ಎಂಬ ಮಾತಿನ ಮೇಲೆ ಅವಳು ಒಂದು ಕ್ಷಣ, ದೂರದಿಂದ ನಡೆದು ಬಂದವರು ಜಗಲಿಯ ಮೇಲೆ ಕೂತ ಹಾಗೆ ಕೂತುಕೊಂಡಳು. ಮಗಳ ಮುಖದಲ್ಲಿ ಕೋಪವಿರಲಿಲ್ಲ. ಮೂವತ್ತು ದಾಟದ ಆ ಮುಖದಲ್ಲಿ ಆಗಲೇ ಕಣ್ಣಿನ ಕೆಳಗೆ ನೆರಳು. ರಾತ್ರಿ ಮೊಮ್ಮಗು ಮಲಗಗೊಡುವುದಿಲ್ಲವೇನೋ, ಕೇಳಬೇಕು, ಭಾನುವಾರ ಮಗುವನ್ನು ನನ್ನ ಹತ್ತಿರ ಬಿಟ್ಟು ನಿದ್ದೆ ಮಾಡು ಎನ್ನಬೇಕು. ಇಷ್ಟೇ, ಮುಗಿಯಿತು, ಎಲ್ಲ ಯಾವಾಗಲೋ ಮುಗಿದು ಹೋಗಿತ್ತು ಎಂದು ಅವಳು ಅಂದುಕೊಳ್ಳುತ್ತಿರುವಾಗಲೇ ಮಗಳು, ಇಷ್ಟು ವರ್ಷ ಆದ ಮೇಲೆ ಇದನ್ನು ಈಗ ಯಾಕೆ ರಿಪೇರಿಗೆ ತೆಗೆದುಕೊಂಡು ಹೋದೆ ಎಂದು ಕೇಳಿದಳು. ಅವಳು ದರ್ಜಿಯ ಮಗಳ ವಿಷಯ ಹೇಳಿದಳು. ಸ್ವಂತದ್ದು ಕೊಳ್ಳಲಾಗದ ಮನೆಯ ಮಗು, ಸುಮ್ಮನೆ ಕೂತಿದ್ದ ವಾದ್ಯ, ಹಾಗಾಗಿ ಕೊಟ್ಟದ್ದು. ಹೇಳುತ್ತ ಹೇಳುತ್ತ ತನ್ನ ದನಿಯಲ್ಲಿ ತಾನು ಮಾಡಿದ ಉಪಕಾರದ ಧಾಟಿ ಇಣುಕಿದ್ದು ಅವಳಿಗೇ ಕೇಳಿಸಿತು.

"ಇದನ್ನ ಇನ್ನೊಂದು ಮಗುಗೆ ಕೊಟ್ಟಿದ್ಯಾ?"

ಅವಳು ಹೌದೆಂದಳು. ಎಷ್ಟು ದಿನ ಎಂದು ಮಗಳು ಕೇಳಿದಳು. ಎರಡೂವರೆ ವರ್ಷ ಎಂದಳು. ಮಗಳು ಪೆಟ್ಟಿಗೆಯನ್ನು ನೋಡಿದಳು, ತಾಯಿಯನ್ನು ನೋಡಿದಳು. ತನ್ನದನ್ನು ಹೇಳುವಾಗ ಬಾರದಿದ್ದ ಕೋಪ ಈಗ ಕುತ್ತಿಗೆಯಿಂದ ಮೇಲೇರಿ ಕೆನ್ನೆಗೆ ಬಂದಿತ್ತು.

"ನಾನು ನಿನ್ನ ಮಗಳು. ನಿನ್ನ ಮಾತು ಎಷ್ಟು ನಂಬಬೇಕು ಅಂತ ನನಗೆ ಗೊತ್ತಿತ್ತು, ಅದಕ್ಕೇ ಬಚಾವಾದೆ. ಆ ಮಗು ನಿನ್ನನ್ನ ಪೂರ್ತಿ ನಂಬಿರುತ್ತಮ್ಮ."

ಹೊರಗಿನಿಂದ ಯಾರೋ ಕರೆದರು. ಮಗಳು ಕೈಗವಸು ಹಾಕಿಕೊಂಡು ಹೋದಳು. ಗಾಜಿನ ಆಚೆ, ಭಯದಿಂದ ಮುಖ ತಿರುಗಿಸಿ ಕೂತಿದ್ದ ಒಬ್ಬ ದಪ್ಪ ಹೆಂಗಸಿನ ಮೊಣಕೈಯ ಮಡಿಕೆಯನ್ನು ಅವಳು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿ, ನರ ಹುಡುಕಿ, ಸೂಜಿ ಚುಚ್ಚಿದಳು. ಮುಗಿಯಿತಾ, ಗೊತ್ತೇ ಆಗಲಿಲ್ಲವಲ್ಲ, ಎಂದು ಆ ಹೆಂಗಸು ಆಶ್ಚರ್ಯಪಡುತ್ತಿದ್ದುದು ಗಾಜಿನ ಮೂಲಕ ಬಾಯಿಯ ಚಲನೆಯಲ್ಲೇ ತಿಳಿಯಿತು. ಮಗಳು ತಲೆಯೆತ್ತಿ ಈ ಕಡೆ ನೋಡಲಿಲ್ಲ.

ಶಾಲೆ ಬಿಡುವ ಹೊತ್ತಿನವರೆಗೆ ಕಾದು ಅವಳು ದರ್ಜಿಯ ಅಂಗಡಿಗೆ ನಡೆದಳು. ಅದು ಒಂದು ಬಾಗಿಲಿನಷ್ಟೇ ಅಗಲ. ಹೊಲಿಗೆ ಮಿಷನ್ನು ಬಾಗಿಲಿಗೆ ಮುಖ ಮಾಡಿ, ಅದರ ಹಿಂದೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚಿಂದಿಯ ಮೂಟೆ. ಹುಡುಗಿ ಶಾಲೆಯಿಂದ ಬಂದು ಬಟ್ಟೆ ಬದಲಾಯಿಸಿ ಸ್ಟೂಲಿನ ಮೇಲೆ ಕೂತು ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದಳು. ಟೀಚರನ್ನು ಕಂಡು ಎದ್ದು ನಿಂತಳು. ಸೂಜಿ ಅಂಗಿಯಲ್ಲೇ ನೇತಾಡಿತು. ದರ್ಜಿ, ಬನ್ನಿ ಬನ್ನಿ ಮೇಡಂ ಎಂದು ಕುರ್ಚಿಯ ಮೇಲಿನ ಬಟ್ಟೆಗಳನ್ನು ಎತ್ತಿ ಜಾಗ ಮಾಡಿದ. ಇವಳು ಬಿಟ್ಟು ಬಂದದ್ದಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಪ್ರಯತ್ನದಲ್ಲಿ ಏನೂ ಕಡಿಮೆಯಿರಲಿಲ್ಲ, ನಾವೇ ಪಡೆದು ಬಂದಿಲ್ಲ ಎಂದ. ಅವಳು ನಡೆದು ಬರುವಾಗ ಜೋಡಿಸಿಟ್ಟುಕೊಂಡಿದ್ದ ಮೊದಲ ವಾಕ್ಯ ಈ ಮರ್ಯಾದೆಯ ಮುಂದೆ ಚದುರಿಹೋಯಿತು. ಹೇಳಲು ಬಂದವಳು, ಪೆಟ್ಟಿಗೆ ಬಿಚ್ಚಿ, ತುಂಡುಗಳನ್ನು ಜೋಡಿಸಿ, ಒಂದು ಸಲ ಊದು ನೋಡೋಣ ಎಂದುಬಿಟ್ಟಳು. ಬಾಯಿ ತಾನೇ ಹುಡುಕಿಕೊಂಡ ದಾರಿ ಅದು. ಹುಡುಗಿ ತಂದೆಯನ್ನು ನೋಡಿದಳು. ಮೇಡಂ ಅಷ್ಟು ದೂರದಿಂದ ಬಂದಿದ್ದಾರೆ, ಊದು, ಎಂದ ತಂದೆ. ಅವಳು ವಾದ್ಯವನ್ನು ತೆಗೆದುಕೊಂಡು, ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ ಭುಜ ಬಿಗಿಮಾಡಿ, ಕಣ್ಣು ಮುಚ್ಚಿ, ಕೆಳಗಿನ ಸ್ವರವನ್ನು ಊದಿದಳು.

ಅದು ಬಂತು. ಮಿಷನ್ನಿನ ಮೇಲಿದ್ದ ಕತ್ತರಿ ಸಣ್ಣಗೆ ಅದುರಿತು. ಹುಡುಗಿ ತಟ್ಟನೆ ವಾದ್ಯದಿಂದ ಬಾಯಿ ತೆಗೆದಳು, ಬೇರೆ ಯಾರೋ ಊದಿದರೇನೋ ಎಂಬಂತೆ ತಿರುಗಿ ನೋಡಿದಳು. ಮತ್ತೆ ಊದಿದಳು. ದರ್ಜಿಯ ಮುಖ ಬೆಳಗಿತು. ನೋಡಿದೆಯಾ, ಮಿಸ್ ಹೇಳುತ್ತಿದ್ದದ್ದು ಇದನ್ನೇ, ತಾಳ್ಮೆ ಬೇಕು ಅಂತ, ಒಂದು ವಾರ ಬಿಟ್ಟದ್ದಕ್ಕೆ ಬೆರಳು ತಾನೇ ಹದಕ್ಕೆ ಬಂದಿದೆ, ಎಂದು ಕೈಮುಗಿದ. ನಿಮ್ಮಂಥವರು ಸಿಗುವುದಕ್ಕೆ ಪುಣ್ಯ ಬೇಕು ಮೇಡಂ ಎಂದ. ಅವಳು ಕೂತಿದ್ದಳು. ಆ ಮಾತು ಹೊಟ್ಟೆಯೊಳಗೆ ಬೆಚ್ಚಗೆ ಇಳಿಯಿತು, ಬೇಡವೆಂದರೂ ಇಳಿಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಒಂದು ನಿಮಿಷವಿರಬಹುದು, ಆಮೇಲೆ ಎಷ್ಟು ನೆನೆಸಿಕೊಂಡರೂ ಆ ಒಂದು ನಿಮಿಷವೇ ಅವಳಿಗೆ ಚಾಕುವಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಹುಡುಗಿ ಮಾತ್ರ ನಗಲಿಲ್ಲ. ಅವಳು ಬೆರಳನ್ನು ಹಗುರವಾಗಿಟ್ಟು ಊದಿದಳು, ಹಿಸುಕಿ ಊದಿದಳು, ಮತ್ತೆ ಹಗುರವಾಗಿಟ್ಟು ಊದಿದಳು. ಎರಡೂ ಒಂದೇ ಆಗಿತ್ತು. ಬೆಳಕಿಗೆ ಹಿಡಿದು ಪ್ಯಾಡುಗಳನ್ನು ನೋಡಿದಳು. ಒಂದೇ ಒಂದು ಪ್ಯಾಡು ಉಳಿದವಕ್ಕಿಂತ ಬೆಳ್ಳಗೆ ಹೊಸದಾಗಿತ್ತು.

"ಮಿಸ್, ರಿಪೇರಿ ಮಾಡಿಸಿದ್ರಾ?"

"ಹೌದು."

"ಏನಾಗಿತ್ತು?"

ಆಗ ಅವಳು ಹೇಳಿದಳು. ಮಗಳಿಗೆ ಹೇಳಿದಂತೆ ಒಂದೇ ಉಸಿರಿನಲ್ಲಿ ಅಲ್ಲ; ನಿಲ್ಲಿಸಿ, ನಿಲ್ಲಿಸಿ, ಮಗುವಿಗೆ ಅರ್ಥವಾಗುವ ಹಾಗೆ. ರಂಧ್ರ ಸೋರುತ್ತಿತ್ತು. ಒತ್ತಿದರೆ ಮಾತ್ರ ಮುಚ್ಚುತ್ತಿತ್ತು. ಅಂಚನ್ನು ಮುರಿದದ್ದು ನಾನೇ. ಒಂದು ಸಲ ನಾನು ಊದಿ ನೋಡಿದ್ದರೆ ಗೊತ್ತಾಗುತ್ತಿತ್ತು, ಊದಲಿಲ್ಲ. ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ. ದರ್ಜಿ ಮುಗಿದಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಿಷನ್ನಿನ ಚಕ್ರದ ಮೇಲಿಟ್ಟ. ಯಾರನ್ನೂ ನೋಡದೆ, ಹೊಲಿಗೆ ತಪ್ಪಿದರೆ ನಾವು ಮೊದಲು ಸೂಜಿ ಬದಲಾಯಿಸುತ್ತೇವೆ ಎಂದಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಹುಡುಗಿ ಕ್ಲಾರಿನೆಟ್ಟನ್ನು ಮೇಜಿನ ಮೇಲಿನ ಬಟ್ಟೆಯಲ್ಲಿ ಮಲಗಿಸಿ ಮತ್ತೆ ಸ್ಟೂಲಿನ ಮೇಲೆ ಕೂತಳು. ಅಂಗಿಯನ್ನು ಕೈಗೆತ್ತಿಕೊಂಡಳು. ಒಂದು ಗುಂಡಿ ಪೂರ್ತಿ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

"ಹಾಗಾದ್ರೆ ಅವತ್ತು ಎಲ್ಲರ ಮುಂದೆ ನನ್ನನ್ನ ನಿಲ್ಲಿಸಿದ್ರಲ್ಲ ಮಿಸ್, ಅವರಿಗೂ ಹೇಳ್ತೀರಾ?"

"ಯಾವತ್ತು?"

ಹುಡುಗಿ ತಲೆಯೆತ್ತಿ ನೋಡಿದಳು. ಮಿಸ್‌ಗೆ ನೆನಪಿಲ್ಲ ಎಂಬುದು ಅವಳಿಗೆ ಹೊಸ ವಿಷಯವಾಗಿತ್ತು. ರಂಧ್ರ ಸೋರಿದ್ದಕ್ಕಿಂತ ದೊಡ್ಡ ವಿಷಯವಾಗಿತ್ತು. ಹೋದ ವರ್ಷ, ಪರೀಕ್ಷೆ ಮುಗಿದ ಮೇಲಿನ ಭಾನುವಾರ, ಎಂದು ಅವಳು ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು. ಎಲ್ಲರೂ ಬಂದಿದ್ದರು. ಕೆಳಗಿನ ಸ್ವರ ಬರುವವರೆಗೆ ಯಾರೂ ಮುಂದೆ ಹೋಗುವುದು ಬೇಡ, ಇವಳಿಗಾಗಿ ಕಾಯೋಣ ಅಂದಿರಿ. ಪ್ರೀತಿಯಿಂದಲೇ ಅಂದಿರಿ. ಎಲ್ಲರೂ ವಾದ್ಯ ತೊಡೆಯ ಮೇಲಿಟ್ಟುಕೊಂಡು ಕಾದರು. ನೀವು ಹೇಳಿದ ಹಾಗೆ ಬೆರಳು ಹಗುರವಾಗಿಟ್ಟು ನಾನು ಊದಿದೆ, ಬರಲಿಲ್ಲ. ಊದಿದೆ, ಬರಲಿಲ್ಲ. ಒಬ್ಬ ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ ಅವರಲ್ಲೊಬ್ಬಳು ನನಗೋಸ್ಕರ ಅತ್ತಳು. ಅಷ್ಟು ಹೇಳಿ ಹುಡುಗಿ ಸೂಜಿಗೆ ದಾರ ಪೋಣಿಸಲು ತೊಡಗಿದಳು. ಮೊದಲ ಸಲಕ್ಕೇ ಹೋಯಿತು. ಟೀಚರು ತನ್ನೊಳಗೆ ಆ ಭಾನುವಾರವನ್ನು ಹುಡುಕಿದಳು. ಏಳು ಮಕ್ಕಳು, ಮುಂದಿನ ಕೋಣೆ, ಬೆಳಗಿನ ಬಿಸಿಲು. ಅಂಥ ಭಾನುವಾರಗಳು ಎಷ್ಟೋ ಇದ್ದವು. ಇದು ಅದರಲ್ಲಿ ಯಾವುದೆಂದು ಗೊತ್ತಾಗಲಿಲ್ಲ. ಕಾಯುವುದರಲ್ಲಿ ತನ್ನನ್ನು ಯಾರೂ ಮೀರಿಸಲಾರರು ಎಂದುಕೊಂಡವಳಿಗೆ, ತಾನು ಕಾದದ್ದೇ ನೆನಪಿರಲಿಲ್ಲ.

ಹೇಳುತ್ತೇನೆ ಎಂದಳು. ಭಾನುವಾರ ಎಲ್ಲರೂ ಬಂದಾಗ ಹೇಳುತ್ತೇನೆ. ಹುಡುಗಿ ತಲೆ ಅಲ್ಲಾಡಿಸಿದಳು. ಅವರಲ್ಲಿ ಇಬ್ಬರು ಈಗ ನಿಮ್ಮ ಹತ್ತಿರ ಬರುವುದಿಲ್ಲ, ಒಬ್ಬರ ಮನೆ ಬದಲಾಗಿದೆ ಎಂದಳು. ಅಳತೆ ಬರೆಯುವ ಚೀಟಿಯ ಕಟ್ಟನ್ನು ಮೇಜಿನಿಂದ ಎಳೆದುಕೊಂಡು, ಎದೆ, ಸೊಂಟ, ತೋಳು ಎಂದು ಅಚ್ಚಾದ ಗೆರೆಗಳನ್ನು ಲೆಕ್ಕಿಸದೆ ಅವರ ಹೆಸರುಗಳನ್ನೂ ಬೀದಿಗಳನ್ನೂ ದುಂಡಗೆ ಬರೆಯತೊಡಗಿದಳು. ಆರು ಹೆಸರಾದವು. ತಂದೆ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಇದ್ದವನು, ನನ್ನದೂ ಬರಿ ಎಂದ.

"ನಾನು ಕರ್ಕೊಂಡು ಹೋಗೋಕೆ ಬಂದು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಬರ್ಲಿಲ್ಲ. ದಾರೀಲಿ ನಾನೇ ಅಂದೆ ಇವಳಿಗೆ, ನಿನಗೆ ಕೈಯಿಲ್ಲ ಕಣಮ್ಮ ಅಂತ."

ಹುಡುಗಿ ಅಪ್ಪ ಎಂದು ಬರೆದಳು. ಬರೆದು, ಸ್ವಲ್ಪ ಯೋಚಿಸಿ, ಅದರ ಮೇಲೆ ಒಂದು ಗೆರೆ ಎಳೆದಳು. ಅವರಿಗೆ ಹೇಳಿಯಾಯಿತು ಎಂದಳು. ಚೀಟಿಯನ್ನು ಹರಿದು ಕೊಟ್ಟಳು. ಮತ್ತೆ ಪಾಠಕ್ಕೆ ಬರುತ್ತೀಯಾ ಎಂದು ಕೇಳಬೇಕೆಂದು ಅವಳು ಬಾಯಿ ತೆರೆದಳು. ಕೇಳುವ ಹಕ್ಕು ತನಗೆ ಈ ಚೀಟಿ ಮುಗಿಯುವವರೆಗೆ ಇಲ್ಲವೆನಿಸಿ ಮುಚ್ಚಿಕೊಂಡಳು. ವಾದ್ಯ ಮೇಜಿನ ಮೇಲೇ ಇತ್ತು. ತೆಗೆದುಕೊಂಡು ಹೋಗಿ ಎಂದು ಹುಡುಗಿ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ದರ್ಜಿ ಮಿಷನ್ನು ತುಳಿಯತೊಡಗಿದ. ಅವಳು ಎದ್ದು ಬೀದಿಗೆ ಇಳಿದಾಗ ಸಂಜೆ ಇನ್ನೂ ಉಳಿದಿತ್ತು. ಮೊದಲ ಹೆಸರಿನ ಬೀದಿ ಎರಡು ತಿರುವಿನ ಆಚೆ, ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ನಿಂತು ದಮ್ಮು ತೆಗೆದುಕೊಂಡಳು. ಬೆಲ್ ಒತ್ತಿದಳು. ಒಳಗೆ ಯಾರೋ ಹುಡುಗ, ಅಮ್ಮಾ, ಯಾರೋ ಬಂದಿದ್ದಾರೆ ಎಂದು ಕೂಗುತ್ತ ಬಾಗಿಲಿಗೆ ಓಡಿ ಬರುವುದು ಕೇಳಿಸಿತು. ಕಿಟಕಿಯ ಹೊರಗೆ ನೋಡುತ್ತಿದ್ದವನು ಇವನೇ ಇರಬೇಕು ಅಂದುಕೊಂಡಳು. ಎಷ್ಟು ನೆನೆಸಿಕೊಂಡರೂ ಅವನ ಮುಖ ಬರಲಿಲ್ಲ.